‘ಮೋಟಾರ್ ಹೋಗಿದೆ’ ಎಂಬ ಸುಲಭದ ತೀರ್ಪು

ಪಂಕ್ಚರ್ ಅಂಗಡಿಯಲ್ಲಿ ಯಾರೂ ‘ಚಕ್ರ ಹೋಗಿದೆ, ಹೊಸದು ಹಾಕಿಸಿ’ ಎನ್ನುವುದಿಲ್ಲ. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬಾಣಲಿಯ ನೀರಿನಲ್ಲಿ ಗೇಣುಗೇಣಾಗಿ ಮುಳುಗಿಸುತ್ತ ಬರುತ್ತಾರೆ. ಗುಳ್ಳೆ ಎದ್ದಲ್ಲಿ ತೂತು. ಗಿರಾಕಿಯ ಕಣ್ಣೆದುರೇ ದೋಷ ಸಿಕ್ಕಿತು. ದೋಷದಷ್ಟೇ ರಿಪೇರಿ, ರಿಪೇರಿಯಷ್ಟೇ ದುಡ್ಡು. ಅದೇ ಸೈಕಲ್ಲಿನ ಹಿಂದಿನ ಚಕ್ರದ ನಡುವೆ ಒಂದು ಮೋಟಾರ್ ಬಂದು ಕೂತಿತೋ, ಈ ಕ್ರಮವೆಲ್ಲ ತಲೆಕೆಳಗು. ಎಕ್ಸಲೇಟರ್ ತಿರುವಿದರೆ ಗಾಡಿ ಕದಲುವುದಿಲ್ಲ, ಇಲ್ಲವೇ ಗಡಗಡ ನಡುಗಿ ನಿಂತುಬಿಡುತ್ತದೆ. ಅಂಗಡಿಯವರು ಎರಡು ಸಲ ಸ್ವಿಚ್ ಒತ್ತಿ ನೋಡಿ ‘ಮೋಟಾರ್ ಹೋಗಿದೆ’ ಎನ್ನುತ್ತಾರೆ. ಹೊಸ ಮೋಟಾರೆಂದರೆ ಸಾವಿರಗಳ ಲೆಕ್ಕ, ಅದು ಬರುವವರೆಗೆ ಸೈಕಲ್ ಗೋಡೆಗೆ. ಈ ತೀರ್ಪು ಬಹುಮಟ್ಟಿಗೆ ತಪ್ಪು ಎಂಬುದು ನನ್ನ ವಾದದ ಮೊದಲ ಅರ್ಧ. ಅದು ತಪ್ಪುವುದು ಮೆಕ್ಯಾನಿಕ್‌ಗೆ ತಲೆಯಿಲ್ಲ ಅಂತಲ್ಲ, ದೋಷ ಎಲ್ಲಿದೆ ಎಂದು ಹುಡುಕಲು ಬೇಕಾದ ಮಾಹಿತಿಯನ್ನು ತಯಾರಕರು ಅವರ ಕೈಗೆ ಕೊಡದಿರುವುದರಿಂದ ಎಂಬುದು ಉಳಿದರ್ಧ. ರಿಪೇರಿಯ ಹಕ್ಕು ಎಂದಾಗ ನಾವು ಬಿಡಿಭಾಗಗಳ ಮಾತಾಡುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದದ್ದು ದೋಷ ಪತ್ತೆಯ ಹಕ್ಕು.

ಆ ಮೋಟಾರ್ ಹೇಗಿರುತ್ತದೆ ನೋಡಿ. ನಮ್ಮ ರಸ್ತೆಗಳಲ್ಲಿ ಓಡುವ ಸಾಧಾರಣ ಬೆಲೆಯ ಇ-ಸೈಕಲ್‌ಗಳಲ್ಲಿ ಚಕ್ರದ ಹಬ್ಬಿನೊಳಗೇ ಬ್ರಶ್ ಇಲ್ಲದ ಡಿ.ಸಿ. ಮೋಟಾರ್ ಇರುತ್ತದೆ. ಮನೆಯ ಮಿಕ್ಸಿಯಲ್ಲಾದರೆ ಕಾರ್ಬನ್ ಬ್ರಶ್ ಉಜ್ಜಿ ಉಜ್ಜಿ ಸವೆಯುತ್ತದೆ, ಕಿಡಿ ಹಾರುತ್ತದೆ. ಇದರಲ್ಲಿ ಆ ಪೈಕಿ ಏನೂ ಇಲ್ಲ. ನಡುವೆ ಅಲುಗದೆ ಕೂತ ಕಬ್ಬಿಣದ ತಗಡುಗಳ ಅಡುಕು, ಅದಕ್ಕೆ ಸುತ್ತಿದ ತಾಮ್ರದ ತಂತಿ. ಸುತ್ತ ತಿರುಗುವ ಚಿಪ್ಪಿನ ಒಳಗೋಡೆಗೆ ಅಂಟಿಸಿದ ಕಾಂತಗಳ ಸಾಲು. ಎರಡರ ನಡುವೆ ಕೂದಲೆಳೆಯಷ್ಟು ಗಾಳಿ. ತಿಕ್ಕಾಟ ಇರುವುದು ಬೇರಿಂಗಿನಲ್ಲಿ ಮಾತ್ರ, ಗೇರ್ ಇರುವ ಮಾದರಿಯಾದರೆ ಜೊತೆಗೆ ಒಳಗಿನ ನೈಲಾನ್ ಗೇರುಗಳಲ್ಲಿ. ಬೇರಿಂಗ್ ಸವೆದರೆ ಗೊರಗೊರ ಸದ್ದು ಬರುತ್ತದೆ. ಗೇರಿನ ಹಲ್ಲು ಮುರಿದರೆ ಮೋಟಾರ್ ಒಳಗೆ ಗಿರ್ರೆಂದರೂ ಚಕ್ರ ಮುಂದೆ ಹೋಗುವುದಿಲ್ಲ. ಎರಡೂ ಕಿವಿಗೇ ಸಿಗುವ ರೋಗಗಳು, ಎರಡಕ್ಕೂ ಬದಲಿ ಹಾಕಬಹುದು. ಹಾಗಾದರೆ ತಾಮ್ರದ ಸುರುಳಿ ಸುಡುವುದೇ ಇಲ್ಲವೇ? ಸುಡುತ್ತದೆ. ಎರಡು ಮೂಟೆ ಹೇರಿಕೊಂಡು, ಪೆಡಲ್ ತುಳಿಯದೆ, ಉದ್ದನೆಯ ಏರನ್ನು ಮೋಟಾರಿನ ಮೇಲೇ ಹತ್ತಿಸಿದರೆ ವೇಗ ಕುಸಿದಷ್ಟೂ ಕರೆಂಟು ಏರಿ, ಎಳೆಯುವ ಕೆಲಸಕ್ಕೆ ಹೋಗಬೇಕಾದದ್ದು ಶಾಖವಾಗಿ ವಾರ್ನಿಷ್ ಸುಡುತ್ತದೆ. ಹಾಗೆ ಸುಟ್ಟ ಮೋಟಾರಿಗೆ ಅದರದ್ದೇ ಒಂದು ವಾಸನೆ ಇರುತ್ತದೆ. ಪಂಪ್‌ಸೆಟ್ ಇಟ್ಟುಕೊಂಡವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಆದರೆ ದಿನನಿತ್ಯ ಕೈಕೊಡುವುದು ಈ ತಾಮ್ರವಲ್ಲ, ಅದಕ್ಕೆ ಹೋಗುವ ದಾರಿ. ಹಿಂದಿನ ಚಕ್ರದ ಆಕ್ಸಲ್ ತುದಿಯನ್ನು ಬಗ್ಗಿ ನೋಡಿ. ಟೊಳ್ಳು ಆಕ್ಸಲ್ಲಿನೊಳಗಿಂದ ಕಿರುಬೆರಳು ಗಾತ್ರದ ಒಂದು ಕೇಬಲ್ ಹೊರಬಂದು, ನಟ್ಟಿನ ಪಕ್ಕದಲ್ಲೇ ಚಕ್ಕನೆ ಬಾಗಿ ಫ್ರೇಮಿನತ್ತ ಹೋಗುತ್ತದೆ. ಅದರೊಳಗೆ ಮೂರು ದಪ್ಪ ತಂತಿ, ಅವು ಮೂರು ಫೇಸು. ಐದು ಸಣ್ಣ ತಂತಿ, ಹೂ ಕಟ್ಟುವ ದಾರಕ್ಕಿಂತ ತುಸು ದಪ್ಪ ಅಷ್ಟೇ. ಈ ಐದು ಹೋಗುವುದು ಮೋಟಾರಿನೊಳಗೆ ಕೂತ ಮೂರು ಹಾಲ್ ಸೆನ್ಸರ್‌ಗಳಿಗೆ. ಕಾಂತ ಈಗ ಎಲ್ಲಿದೆ ಎಂದು ನೋಡಿ ಕಂಟ್ರೋಲರ್‌ಗೆ ಹೇಳುವುದು ಆ ಸೆನ್ಸರ್‌ಗಳ ಕೆಲಸ. ಯಾವ ಕ್ಷಣಕ್ಕೆ ಯಾವ ಸುರುಳಿಗೆ ಕರೆಂಟು ಕೊಡಬೇಕೆಂದು ಕಂಟ್ರೋಲರ್ ನಿರ್ಧರಿಸುವುದು ಆ ಮಾತು ಕೇಳಿಯೇ. ಈಗ ಒಂದು ಪಂಕ್ಚರ್ ಆಯಿತೆನ್ನಿ. ಚಕ್ರ ಬಿಚ್ಚಿ, ತೇಪೆ ಹಾಕಿ, ಮತ್ತೆ ಕೂರಿಸುವಾಗ ಆಕ್ಸಲ್ ತಿರುಗದಂತೆ ಹಿಡಿಯುವ ಹಲ್ಲಿನ ವಾಷರ್ ಎಲ್ಲೋ ಬಿತ್ತು, ಅಥವಾ ನಟ್ಟು ಅರ್ಧ ಸುತ್ತು ಸಡಿಲ ಉಳಿಯಿತು. ಮೋಟಾರ್ ಚಕ್ರವನ್ನು ಮುಂದಕ್ಕೆ ತಳ್ಳುವಾಗ ಆಕ್ಸಲ್ಲನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಿರುಚುತ್ತದೆ. ಹಿಡಿತ ತಪ್ಪಿದ ಆಕ್ಸಲ್ ಗಿರಕ್ಕನೆ ತಿರುಗಿತೆಂದರೆ ಕೇಬಲ್ ಹಿಂಡಿದ ಬಟ್ಟೆಯ ಹಾಗೆ ಮುರುಟುತ್ತದೆ. ಸಿಪ್ಪೆ ಹರಿದು 36 ವೋಲ್ಟಿನ ಫೇಸ್ ತಂತಿ 5 ವೋಲ್ಟಿನ ಸಣ್ಣ ತಂತಿಗೆ ತಗುಲಿದರೆ ಸೆನ್ಸರ್ ಸುಡುತ್ತದೆ, ಕೆಲವೊಮ್ಮೆ ಕಂಟ್ರೋಲರ್ ಕೂಡ. ಮೋಟಾರಿನ ತಾಮ್ರ, ಕಾಂತ, ಬೇರಿಂಗ್ ಎಲ್ಲ ನೆಟ್ಟಗಿವೆ. ಕೆಟ್ಟದ್ದು ಹತ್ತಾರು ರೂಪಾಯಿಯ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಒಂದು ಸೆನ್ಸರ್ ಅಥವಾ ಒಂದು ಗೇಣು ಕೇಬಲ್. ನಡುಗಿ ನಿಲ್ಲುವ ಸೈಕಲ್ಲಿನ ಕಥೆ ಹೆಚ್ಚಾಗಿ ಇದೇ.

ಇದನ್ನು ಪತ್ತೆ ಮಾಡಲು ಲ್ಯಾಪ್‌ಟಾಪೂ ಬೇಡ, ಕಂಪನಿಯ ಇಂಜಿನಿಯರೂ ಬೇಡ. ಬ್ಯಾಟರಿ ತೆಗೆದಿಟ್ಟು, ಮೋಟಾರಿನ ಮೂರೂ ದಪ್ಪ ತಂತಿಗಳನ್ನು ಕಂಟ್ರೋಲರಿನಿಂದ ಬಿಡಿಸಿ, ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಬೇಕು. ಗೇರ್ ಮೋಟಾರಾದರೆ ಹಿಂದಕ್ಕೆ ತಿರುಗಿಸಬೇಕು, ಮುಂದಕ್ಕೆ ತಿರುಗಿಸಿದರೆ ಕ್ಲಚ್ ಮೋಟಾರನ್ನು ಬಿಟ್ಟುಬಿಡುತ್ತದೆ. ಚಕ್ರ ಸಲೀಸಾಗಿ ತಿರುಗಿದರೆ ಸರಿ. ಇನ್ನು ಯಾವುದಾದರೂ ಎರಡು ಫೇಸ್ ತಂತಿಗಳ ತುದಿ ಸೇರಿಸಿ ತಿರುಗಿಸಿದರೆ ಚಕ್ರ ಯಾರೋ ಹಿಡಿದೆಳೆದಂತೆ ತಡೆತಡೆದು ತಿರುಗುತ್ತದೆ. ಹಳದಿ–ಹಸಿರು, ಹಸಿರು–ನೀಲಿ, ನೀಲಿ–ಹಳದಿ, ಮೂರೂ ಜೋಡಿಯಲ್ಲಿ ಹಿಡಿತ ಒಂದೇ ಸಮ ಇದ್ದರೆ ಸುರುಳಿಗಳು ಆರೋಗ್ಯವಾಗಿವೆ ಎಂದೇ ಲೆಕ್ಕ. ಯಾವುದಾದರೂ ಜೋಡಿಯಲ್ಲಿ ಹಿಡಿತವೇ ಇಲ್ಲವೆಂದರೆ ತಂತಿ ತುಂಡಾಗಿದೆ. ತುದಿಗಳನ್ನು ಬೇರೆ ಬೇರೆ ಇಟ್ಟರೂ ಚಕ್ರ ತಡೆತಡೆದು ತಿರುಗಿದರೆ ದೋಷ ಕೇಬಲ್ಲಿನಲ್ಲೋ ಸುರುಳಿಯಲ್ಲೋ ಇದೆ. ಕಂಟ್ರೋಲರಿಗೆ ಜೋಡಿಸಿದಾಗ ಮಾತ್ರ ಬಿಗಿ, ಬಿಡಿಸಿದರೆ ಸಲೀಸು ಎಂದಾದರೆ ಮೋಟಾರಿಗೆ ಕೈ ಮುಗಿದು ಕಂಟ್ರೋಲರನ್ನು ಬಿಚ್ಚಬೇಕು, ಅದರೊಳಗಿನ ಮಾಸ್‌ಫೆಟ್ ಎಂಬ ಸ್ವಿಚ್ ಶಾರ್ಟ್ ಆಗಿದೆ. ಕೊನೆಗೆ ಸೆನ್ಸರ್: ಎಲ್ಲ ಜೋಡಿಸಿ, ಸ್ವಿಚ್ ಹಾಕಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೆ, ಕೆಂಪು ಕಡ್ಡಿಯನ್ನು ಮೂರು ಸಿಗ್ನಲ್ ತಂತಿಗಳಿಗೆ ಒಂದೊಂದಾಗಿ ಹಿಡಿದು ಚಕ್ರವನ್ನು ನಿಧಾನವಾಗಿ ತಿರುಗಿಸಿದರೆ ಮೀಟರು ಸೊನ್ನೆಗೂ 5ಕ್ಕೂ ನಡುವೆ ಮೇಲೆ ಕೆಳಗೆ ಕುಣಿಯಬೇಕು. ಯಾವುದು ಕುಣಿಯದೆ ನಿಂತಿತೋ ಆ ಸೆನ್ಸರ್, ಇಲ್ಲವೇ ಅದರ ತಂತಿ, ಸತ್ತಿದೆ. ಬಾಣಲಿಯ ನೀರಿನಲ್ಲಿ ಗುಳ್ಳೆ ನೋಡಿದಷ್ಟೇ ನೇರ. ಇಪ್ಪತ್ತು ನಿಮಿಷದ ಕೆಲಸ, ಮೀಟರಿನ ಬೆಲೆ ಕೆಲವು ನೂರು ರೂಪಾಯಿ.

ಮೋಟಾರಿನ ಹೆಸರಿಗೆ ಅಪವಾದ ತರುವ ಬೇರೆ ಭಾಗಗಳೂ ಇವೆ. ಬ್ರೇಕ್ ಹಿಡಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಬ್ರೇಕ್ ಹಿಡಿದಾಗ ಮೋಟಾರಿಗೆ ಕರೆಂಟು ತಪ್ಪಿಸಲು. ಮಣ್ಣು ಸೇರಿ ಅದು ಒತ್ತಿದಂತೆಯೇ ಕೂತರೆ ಸೈಕಲ್ ಸತ್ತ ಹಾಗೆ. ಆ ಕನೆಕ್ಟರ್ ಬಿಡಿಸಿದರೆ ಜೀವ ಬರುತ್ತದೆ. ಬ್ಯಾಟರಿಯದ್ದು ಇನ್ನೂ ಮೋಸದ ಆಟ. 36 ವೋಲ್ಟಿನ ಪ್ಯಾಕಿನಲ್ಲಿ ಹತ್ತು ಸೆಲ್ ಸಾಲು ಕೂತಿರುತ್ತವೆ, ತುಂಬಿದಾಗ 42 ವೋಲ್ಟ್. ಒಂದೇ ಒಂದು ಸಾಲು ಸೊರಗಿದರೂ ಸುಮ್ಮನೆ ನಿಂತಾಗ ಮೀಟರಿನಲ್ಲಿ ಒಳ್ಳೆಯ ಅಂಕಿಯೇ ಕಾಣುತ್ತದೆ. ಎಕ್ಸಲೇಟರ್ ತಿರುವಿದ ಕೂಡಲೇ ವೋಲ್ಟೇಜ್ ಕುಸಿದು ಎಲ್ಲ ಬಂದ್, ಆರಿಸಿ ಹಾಕಿದರೆ ಮತ್ತೆ ಹತ್ತು ಮಾರು ಓಟ. ಮೋಟಾರ್ ‘ವೀಕ್’ ಎಂದು ಬದಲಿಸಿಕೊಂಡವರಿಗೆ ಹೊಸ ಮೋಟಾರಿನಲ್ಲೂ ಅದೇ ರೋಗ ಮರುಕಳಿಸುತ್ತದೆ. ಮಳೆಗಾಲದಲ್ಲಿ ಕನೆಕ್ಟರ್‌ಗಳಿಗೆ ಹಸಿರು ಕಿಲುಬು ಹಿಡಿಯುವುದಂತೂ ಹೇಳಿ ಮುಗಿಯದ ಕಥೆ, ಬಿಡಿ.

ಇಷ್ಟು ಸರಳವಾದರೆ ‘ಮೋಟಾರ್ ಹೋಗಿದೆ’ ಎಂಬ ಮಾತು ಇಷ್ಟೊಂದು ಸಲೀಸಾಗಿ ಬರುವುದೇಕೆ? ನಾನು ಮೇಲೆ ತಂತಿಗಳ ಬಣ್ಣ ಹೇಳಿದೆನಲ್ಲ, ಅದು ವಾಡಿಕೆ, ನಿಯಮವಲ್ಲ. ಎಲ್ಲ ಕಂಪನಿಯೂ ಅದನ್ನೇ ಪಾಲಿಸಬೇಕೆಂದಿಲ್ಲ. ಕಂಟ್ರೋಲರಿನ ಹಸಿರು ಮೋಟಾರಿನ ಹಸಿರಿಗೇ ಕೂಡಬೇಕೆಂದೂ ಇಲ್ಲ. ಡಿಸ್‌ಪ್ಲೇಯಲ್ಲಿ ಒಂದು ದೋಷ ಸಂಖ್ಯೆ ಮಿನುಗುತ್ತದೆ, ಅದರ ಅರ್ಥ ಕೈಪಿಡಿಯಲ್ಲಿ ‘ಸರ್ವಿಸ್ ಸೆಂಟರನ್ನು ಸಂಪರ್ಕಿಸಿ’. ಒಂದು ಕಂಪನಿಯಲ್ಲಿ ಸೆನ್ಸರಿನ ದೋಷವೆಂದು ಹೇಳುವ ಸಂಖ್ಯೆ ಇನ್ನೊಂದರಲ್ಲಿ ಬೇರೇನೋ. ಕಂಟ್ರೋಲರನ್ನು ಅಂಟು ಸುರಿದು ಮುಚ್ಚಿರುತ್ತಾರೆ. ಸೆನ್ಸರನ್ನು ಬಿಡಿಯಾಗಿ ಮಾರುವುದಿಲ್ಲ, ಮೋಟಾರಿನ ಸಮೇತ ಚಕ್ರವನ್ನೇ ಮಾರುತ್ತಾರೆ. ಹೀಗಿರುವಾಗ ಮೂಲೆಯ ಅಂಗಡಿಯವರು ಅರ್ಧ ದಿನ ಹುಡುಕಿ, ಕೊನೆಗೆ ಸಿಕ್ಕ ದೋಷಕ್ಕೆ ಭಾಗ ಸಿಗದೆ, ಗಿರಾಕಿಯಿಂದ ಐವತ್ತು ರೂಪಾಯಿ ಕೇಳಲೂ ಮುಜುಗರಪಡುವ ಬದಲು ‘ಮೋಟಾರ್ ಹೋಗಿದೆ’ ಎಂದುಬಿಡುವುದು ಅವರ ಮಟ್ಟಿಗೆ ಲೆಕ್ಕಕ್ಕೆ ಸರಿಯಾದ ಉತ್ತರ. ತಪ್ಪು ಆ ಲೆಕ್ಕವನ್ನು ಹಾಗೆ ಮಾಡಿಟ್ಟವರದು. ಹುಡುಕುವ ಕೆಲಸಕ್ಕೂ ಕೂಲಿ ಕೊಡಬೇಕು ಎಂಬುದನ್ನು ಗಿರಾಕಿಗಳಾದ ನಾವೂ ಒಪ್ಪಿಲ್ಲ ಎನ್ನಿ. ಡಾಕ್ಟರು ಮಾತ್ರೆ ಬರೆಯದೆ ಕಳಿಸಿದರೂ ಫೀಸು ಕೊಡುತ್ತೇವೆ. ಮೆಕ್ಯಾನಿಕ್ ಏನೂ ಬದಲಿಸದೆ ಸರಿ ಮಾಡಿದರೆ ‘ಏನು ಮಾಡಿದಿರಿ ಅಂತ ದುಡ್ಡು?’ ಎನ್ನುತ್ತೇವೆ.

ಕರ್ನಾಟಕದ ಮಟ್ಟಿಗೆ ಇದು ಇನ್ನೂ ಬೇಸರದ ಸಂಗತಿ, ಏಕೆಂದರೆ ಈ ವಿದ್ಯೆಯ ತಳಪಾಯ ನಮ್ಮಲ್ಲಿ ಆಗಲೇ ಇದೆ. ತಾಲ್ಲೂಕು ಕೇಂದ್ರವೆಂದರೆ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಂದಾದರೂ ಮೋಟಾರ್ ರಿವೈಂಡಿಂಗ್ ಅಂಗಡಿ ಇರುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೆ ಪಂಪ್ ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ ಎಂದು ಅಲ್ಲಿನ ಹುಡುಗರಿಗಷ್ಟೇ ಅಲ್ಲ, ಬೋರ್‌ವೆಲ್ ಇರುವ ಪ್ರತಿ ರೈತರಿಗೂ ಗೊತ್ತು. ಫೇಸ್ ತಂತಿ ತುಂಡಾದ ಇ-ಸೈಕಲ್ ಮಾಡುವುದೂ ಅದನ್ನೇ. ಸೀರೀಸ್ ಬಲ್ಬ್ ಹಿಡಿದು ಕಾಯಿಲ್ ಬಾಡಿಗೆ ತಗುಲಿದೆಯೇ ಎಂದು ನೋಡುವ ಕೈಗೆ ಹಬ್ ಮೋಟಾರಿನ ಫೇಸ್ ಆಕ್ಸಲ್ಲಿಗೆ ತಗುಲಿದೆಯೇ ಎಂದು ಮೀಟರಿನಲ್ಲಿ ನೋಡುವುದು ಹೊಸ ಪಾಠವಲ್ಲ. ಹೊಸದು ಹಾಲ್ ಸೆನ್ಸರ್ ಮತ್ತು ಕಂಟ್ರೋಲರ್ ಮಾತ್ರ. ಐಟಿಐಗಳಲ್ಲಿ ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್ ಎಂಬ ಟ್ರೇಡ್ ಬಂದಿದೆ, ರಾಜ್ಯದ 150 ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟನೆಯೂ ಆಯಿತು. 2017ರಲ್ಲೇ ವಿದ್ಯುತ್ ವಾಹನ ನೀತಿ ತಂದು ದೇಶಕ್ಕೆ ಮೊದಲೆನಿಸಿಕೊಂಡ ರಾಜ್ಯ ನಮ್ಮದು. ಆ ನೀತಿಯ ಉತ್ಸಾಹವೆಲ್ಲ ಕಾರ್ಖಾನೆ, ಬಂಡವಾಳ, ಚಾರ್ಜಿಂಗ್ ಕೇಂದ್ರಗಳತ್ತ ಹರಿಯಿತು. ಕೆಟ್ಟ ಗಾಡಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಪಂಕ್ಚರ್ ಅಂಗಡಿಯ ಪಾಲಿಗೇ ಉಳಿಯಿತು.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ವಿಚಾರ ಮೇಲ್ಮನವಿಗೆ ಹೋಯಿತು, ಅದಿರಲಿ. ಆಯೋಗ ತಪ್ಪೆಂದು ಕಂಡದ್ದು ಬಿಡಿಭಾಗ ಕೊಡದ್ದನ್ನು ಮಾತ್ರವಲ್ಲ. ದೋಷ ಪತ್ತೆಯ ಉಪಕರಣ ಮತ್ತು ತಾಂತ್ರಿಕ ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದನ್ನೂ. ನನ್ನ ವಾದಕ್ಕೆ ಇದಕ್ಕಿಂತ ಹತ್ತಿರದ ಪೂರ್ವ ನಿದರ್ಶನ ಬೇಕಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಮಿತಿ ರಚಿಸಿ ನಾಲ್ಕು ವಲಯ ಗುರುತಿಸಿತು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನಗಳು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ಬಂತು. ಇ-ಸೈಕಲ್ ಇದರಲ್ಲಿ ಎಲ್ಲಿ ಕೂರುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ ಹಗುರ ಬ್ಯಾಟರಿ ಗಾಡಿ ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ, ಒಳ್ಳೆಯದೇ. ಆದರೆ ಅದೇ ವಿನಾಯಿತಿಯಿಂದಾಗಿ ಅದರ ರಿಪೇರಿಯ ಬಗ್ಗೆ ಕೇಳುವವರೂ ಇಲ್ಲದಂತಾಗಿದೆ. ವಾಹನದವರು ಸೈಕಲ್ ಎನ್ನುತ್ತಾರೆ, ಸೈಕಲ್ಲಿನವರು ಎಲೆಕ್ಟ್ರಾನಿಕ್ಸ್ ಎನ್ನುತ್ತಾರೆ. ಯುರೋಪಿಯನ್ ಒಕ್ಕೂಟ ಈ ನುಣುಚಾಟಕ್ಕೆ ಅವಕಾಶ ಕೊಡಲಿಲ್ಲ. ಇ-ಸೈಕಲ್ಲಿನಂಥ ಹಗುರ ವಾಹನಗಳ ಬ್ಯಾಟರಿಯನ್ನು, ಅದರೊಳಗಿನ ಸೆಲ್ಲುಗಳ ಸಮೇತ, ಕಂಪನಿಗೆ ಸೇರದ ಸ್ವತಂತ್ರ ತಂತ್ರಜ್ಞರೂ ತೆಗೆದು ಬದಲಿಸುವಂತಿರಬೇಕು ಎಂದು 2023ರ ಬ್ಯಾಟರಿ ನಿಯಮದಲ್ಲೇ ಬರೆದು, ಅದಕ್ಕೆ 2027ರ ಫೆಬ್ರುವರಿ 18ರ ಗಡುವು ಹಾಕಿದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಸುರಕ್ಷತೆಯದು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷ ಲೀಥಿಯಂ ಬ್ಯಾಟರಿಗಳಿಂದ 268 ಬೆಂಕಿ ಅನಾಹುತಗಳಾಗಿ 18 ಜನ ಸತ್ತರು. ಡೆಲಿವರಿ ಹುಡುಗರ ಇ-ಬೈಕುಗಳ ಬ್ಯಾಟರಿ ಅಲ್ಲಿ ದೊಡ್ಡ ವಿವಾದವಾಯಿತು. ಆ ನಗರ ಮಾಡಿದ್ದೇನು? ಮಾನ್ಯತೆ ಪಡೆಯದ ಬ್ಯಾಟರಿ ಮಾರುವಂತಿಲ್ಲ, ಹಳೆಯ ಸೆಲ್ ಕಿತ್ತು ಹೊಸ ಪ್ಯಾಕ್ ಕಟ್ಟಿ ಮಾರುವಂತಿಲ್ಲ ಎಂದು ಕಾನೂನು ಮಾಡಿತು. ಸರಿಯಾದದ್ದೇ. ಸೆಲ್ ಬೆಸೆಯುವ ಕೆಲಸ ಮೂಲೆಯ ಅಂಗಡಿಯದ್ದಲ್ಲ ಎಂದು ನಾನೂ ಹೇಳುತ್ತೇನೆ. ಆದರೆ ಬ್ಯಾಟರಿಯ ಭಯವನ್ನು ಮೋಟಾರಿಗೆ ತಂದು ಅಂಟಿಸುವುದು ಬೇರೆ ಮಾತು. ಬ್ಯಾಟರಿ ತೆಗೆದಿಟ್ಟ ಮೇಲೆ ಹಬ್ ಮೋಟಾರ್ ತಾಮ್ರ, ಕಬ್ಬಿಣ, ಕಾಂತ ಅಷ್ಟೇ. ಬಿಚ್ಚುವಾಗ ಕಾಂತದ ಸೆಳೆತಕ್ಕೆ ಬೆರಳು ಸಿಕ್ಕದಂತೆ ನೋಡಿಕೊಂಡರೆ ಸಾಕು. ಅಪಾಯ ಇರುವುದು ಮಾಹಿತಿ ಸಿಕ್ಕಾಗಲ್ಲ, ಸಿಗದಾಗ. ತಂತಿಯ ನಕ್ಷೆ ಇಲ್ಲದವರು ಅಂದಾಜಿನ ಮೇಲೆ ಬಣ್ಣಕ್ಕೆ ಬಣ್ಣ ಕೂಡಿಸುತ್ತಾರೆ, ಆಗ ಕಂಟ್ರೋಲರ್ ಹೊಗೆಯಾಡುತ್ತದೆ. ಗುಟ್ಟು ಬಿಟ್ಟುಕೊಟ್ಟರೆ 25 ಕಿಲೋಮೀಟರಿನ ಮಿತಿ ತೆಗೆದು ಓಡಿಸುತ್ತಾರೆ ಎಂಬ ಮಾತೂ ಇದೆ. ಮಿತಿ ತೆಗೆಯಬೇಕೆಂದವರು ಈಗಲೂ ತೆಗೆಯುತ್ತಾರೆ. ದೋಷ ಸಂಖ್ಯೆಯ ಪಟ್ಟಿ ಮುಚ್ಚಿಟ್ಟರೆ ಅವರಿಗೆ ತೊಂದರೆಯಿಲ್ಲ, ಕೆಟ್ಟ ಸೈಕಲ್ ಹಿಡಿದು ನಿಂತವರಿಗೆ ಇದೆ.

ಇನ್ನೊಂದು ಆಕ್ಷೇಪ ಲೆಕ್ಕಾಚಾರದ್ದು: ಚಕ್ರ ಬಿಚ್ಚಿ, ಮೋಟಾರ್ ತೆರೆದು, ಸೆನ್ಸರ್ ಬೆಸೆದು, ಮತ್ತೆ ಕೂರಿಸುವ ಕೂಲಿಗಿಂತ ಹೊಸದೇ ವಾಸಿ ಅಲ್ಲವೇ? ಅಗ್ಗದ ಮೋಟಾರಿಗೆ, ಕೂಲಿ ದುಬಾರಿಯಾದ ದೇಶಗಳಲ್ಲಿ, ಈ ಮಾತು ನಿಜ ಇರಬಹುದು. ನಮ್ಮಲ್ಲಿ ಅಲ್ಲ, ಸುಟ್ಟ ಪಂಪನ್ನು ರಿವೈಂಡ್ ಮಾಡಿಸಿ ಮತ್ತೆ ಬಾವಿಗಿಳಿಸುವ ನಾಡಿಗೆ ಈ ಲೆಕ್ಕ ಹೊಸದಾಗಿ ಹೇಳಿಕೊಡಬೇಕಿಲ್ಲ. ಜೊತೆಗೆ ಮೋಟಾರೊಳಗಿನ ಕಾಂತ ಎಲ್ಲಿಂದ ಬರುತ್ತದೆ ಎಂದೂ ನೆನೆಯಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂ ಲೋಹಗಳ ಮತ್ತು ಅವುಗಳಿಂದಾದ ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಾರ್ಖಾನೆಗಳೇ ತಡಬಡಾಯಿಸಿದವು. ಅದೇ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಕಾಂತ ಇಲ್ಲೇ ಮಾಡಿಸಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಂದು ಕಡೆ ಕಾಂತಕ್ಕಾಗಿ ಕೋಟಿಗಳನ್ನು ಸುರಿಯುತ್ತ, ಇನ್ನೊಂದು ಕಡೆ ಒಂದು ಸಣ್ಣ ಸೆನ್ಸರ್ ಕೆಟ್ಟದ್ದಕ್ಕೆ ಗಟ್ಟಿಮುಟ್ಟಾದ ಕಾಂತಗಳ ಸಮೇತ ಮೋಟಾರನ್ನು ಗುಜರಿಗೆ ಹಾಕುವುದು ಯಾವ ಲೆಕ್ಕ?

ಕೇಳಬೇಕಾದದ್ದು ದೊಡ್ಡದೇನಲ್ಲ. ತಂತಿಗಳ ನಕ್ಷೆಯನ್ನೂ ದೋಷ ಸಂಖ್ಯೆಗಳ ಅರ್ಥವನ್ನೂ ಕನ್ನಡದಲ್ಲಿ ಸೈಕಲ್ಲಿನ ಜೊತೆಗೇ ಅಚ್ಚು ಹಾಕಿ ಕೊಡಲಿ. ಸೆನ್ಸರ್, ಮೋಟಾರ್ ಕೇಬಲ್, ನೈಲಾನ್ ಗೇರ್, ಹಲ್ಲಿನ ವಾಷರ್ ಬಿಡಿಯಾಗಿ ಸಿಗಲಿ. ಕೇಂದ್ರದ ಸಮಿತಿ ಮುಂದಿನ ಸಲ ವಲಯಗಳ ಪಟ್ಟಿ ತಿದ್ದುವಾಗ ಇ-ಸೈಕಲ್ಲಿನ ಹೆಸರನ್ನು ಸ್ಪಷ್ಟವಾಗಿ ಬರೆಯಲಿ. ಅಲ್ಲಿಯವರೆಗೆ ಓದುಗರ ಕೈಯಲ್ಲಿ ಒಂದು ಪ್ರಶ್ನೆಯಂತೂ ಇದೆ. ಯಾರಾದರೂ ನಿಮ್ಮ ಸೈಕಲ್ ನೋಡಿ ‘ಮೋಟಾರ್ ಹೋಗಿದೆ’ ಎಂದರೆ ದುಡ್ಡು ತೆಗೆಯುವ ಮೊದಲು ಕೇಳಿ: ‘ಫೇಸ್ ತಂತಿ ಎರಡೆರಡಾಗಿ ಸೇರಿಸಿ ಚಕ್ರ ತಿರುಗಿಸಿ ನೋಡಿದಿರಾ ಅಣ್ಣ?’ ನೋಡಿಲ್ಲ ಎಂದರೆ ಅಲ್ಲೇ ನಿಂತು ನೋಡಿಸಿ, ನೋಡಿದ್ದಕ್ಕೆ ಕೂಲಿಯನ್ನೂ ಕೊಡಿ.